ಕೊಟ್ರೇಶನ ಹಿಂದಿನ ಚಕ್ರ

ನಮ್ಮೂರಿನಲ್ಲಿ ಸೈಕಲ್ ತುಳಿಯುವವರಿಗೆಲ್ಲ ಹದಿನೇಳರ ಮಗ್ಗಿ ಬಾಯಿಪಾಠ ಬರುತ್ತದೆ. ಓದು ಬರಹ ಗೊತ್ತಿಲ್ಲದವರಿಗೂ ಬರುತ್ತದೆ. ಯಾಕೆಂದರೆ ಇಲ್ಲಿ ಮುಂದಿನ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಒಂದು ತೋಳಿನಷ್ಟು ಹತ್ತಿರ ಹೋದರೆ, ಅದನ್ನು ತುಳಿಯುತ್ತಿರುವವರ ಮನಸ್ಸಿನಲ್ಲಿ ಏನು ಓಡುತ್ತಿದೆಯೋ ಅದು ಗಾಳಿಯ ಜೊತೆ ಹಿಂದಿನವರ ಕಿವಿಗೆ ಬಂದು ಬೀಳುತ್ತದೆ. ಒಂದು ತೋಳು ದಾಟಿತೋ, ಬರೀ ಗಾಳಿ. ನಡೆದು ಹೋಗುವವರಿಗೆ ಹೀಗಾಗುವುದಿಲ್ಲ, ಮೋಟಾರು ಬೈಕಿನವರಿಗೂ ಇಲ್ಲ. ನಾವು ಹುಟ್ಟುವ ಮೊದಲಿನಿಂದಲೂ ಹೀಗೇ ಇದೆ. ಯಾಕೆ ಎಂದು ಕೇಳಿದವರನ್ನು ನಾನು ನೋಡಿಲ್ಲ. ನಲ್ಲಿಯಲ್ಲಿ ನೀರು ಯಾಕೆ ಬರುತ್ತದೆ ಎಂದು ಯಾರಾದರೂ ಕೇಳುತ್ತಾರೆಯೇ? ಬರದ ದಿನ ಕೇಳುತ್ತಾರೆ, ಅಷ್ಟೆ.

ಹಾಗಂತ ಊರೇನೂ ಕೆಟ್ಟು ಹೋಗಿಲ್ಲ. ಗಂಡ ಹೆಂಡತಿ ಅಕ್ಕಪಕ್ಕ ತುಳಿಯುತ್ತಾರೆ, ಹಿಂದೆ ಮುಂದೆ ತುಳಿಯುವುದಿಲ್ಲ. ಕಳ್ಳರು ಸೈಕಲ್ ಹತ್ತುವುದಿಲ್ಲ. ಚುನಾವಣೆಗೆ ನಿಂತವರು ಕಡ್ಡಾಯವಾಗಿ ಪಾದಯಾತ್ರೆ ಮಾಡುತ್ತಾರೆ. ಉಳಿದ ನಾವೆಲ್ಲ, ಹಿಂದೆ ಯಾರಾದರೂ ಬಂದ ಸದ್ದಾದ ಕೂಡಲೇ ಹದಿನೇಳೊಂದಲ ಹದಿನೇಳು ಎಂದು ಮನಸ್ಸಿನಲ್ಲೇ ಶುರುಮಾಡುತ್ತೇವೆ. ಮಗ್ಗಿ ಓಡುತ್ತಿರುವಾಗ ಬೇರೆ ಯೋಚನೆಗೆ ಜಾಗ ಇರುವುದಿಲ್ಲ. ಆದರೂ ಏನಾದರೂ ಸೋರಿತು ಅನ್ನಿ, ಕೇಳಿದವರು ಅದನ್ನು ಊರಲ್ಲಿ ಆಡಬಾರದು. ಆಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಆಡಬಾರದು ಎಂದು ಹೇಳುತ್ತಿದ್ದೇನೆ.

ನನ್ನ ಹೆಸರು ಸಾವಂತ್ರಮ್ಮ. ಗಡಿಯಾರ ಕಂಬದ ಹತ್ತಿರ ಬ್ಲೌಸು ಹೊಲಿಯುವ ಅಂಗಡಿ ನನ್ನದು. ಮೂವತ್ತು ವರ್ಷದಿಂದ ಹೊಲಿಗೆ ಮೆಷಿನ್ ತುಳಿದಿದ್ದೇನೆ, ಅದು ಒಂದಡಿಯೂ ಮುಂದಕ್ಕೆ ಹೋಗಿಲ್ಲ. ತಂಗಿ ಹೆರಿಗೆಯಲ್ಲಿ ತೀರಿಕೊಂಡಾಗ ಕೂಸನ್ನು ನಾನೇ ತಂದು ಸಾಕಿದೆ. ಅವಳೇ ನೀಲವೇಣಿ. ಊರಿಗೆಲ್ಲ ನೀಲಾ, ನನಗೂ ನೀಲಾ. ಹಲ್ಲು ಬರುವ ಮೊದಲೇ ನನ್ನ ಜೊತೆ ಜಗಳ ಶುರುಮಾಡಿದ ಹುಡುಗಿ. ಬೆಳೆದು ಸೈಕಲ್ ರಿಪೇರಿ ಅಂಗಡಿ ಇಟ್ಟಳು. ಹೆಣ್ಣುಮಗಳಿಗೆ ಯಾಕಮ್ಮ ಗ್ರೀಸು ಎಂದವರಿಗೆಲ್ಲ, ಹೆಣ್ಣುಮಕ್ಕಳ ಕೈಗೆ ಒಗ್ಗರಣೆ ಎಣ್ಣೆ ಹತ್ತಿದರೆ ನಡೆಯುತ್ತದಾ ಎಂದು ಕೇಳುತ್ತಿದ್ದಳು. ಡೊಂಕಾದ ಚಕ್ರವನ್ನು ಕಣ್ಣಳತೆಯಲ್ಲೇ ನೇರ ಮಾಡುವುದರಲ್ಲಿ ಅವಳದು ಎತ್ತಿದ ಕೈ.

ಕೊಟ್ರೇಶ ಗಂಟು ಬಿದ್ದದ್ದೂ ಅಲ್ಲಿಯೇ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಕೆಲಸ, ನೋಡಲು ಲೈಟು ಕಂಬದ ತಮ್ಮನ ಹಾಗಿದ್ದಾನೆ. ಡೊಂಕೇ ಇಲ್ಲದ ಚಕ್ರವನ್ನು ವಾರಕ್ಕೊಮ್ಮೆ ತಂದು ನೇರ ಮಾಡಿಸಿಕೊಂಡು ಹೋಗುತ್ತಿದ್ದ. ಮಾತು ಕಡಿಮೆ. ಸೈಕಲ್ ಹತ್ತಿದನೆಂದರೆ ಊರಲ್ಲಿ ಅವನನ್ನು ಹಿಡಿಯುವ ಗಂಡಸು ಇಲ್ಲ, ಹೆಂಗಸಂತೂ ಇಲ್ಲವೇ ಇಲ್ಲ. ಅವನ ಮನಸ್ಸಿನಲ್ಲಿ ಏನಿದೆ ಎಂದು ಊರಲ್ಲಿ ಒಬ್ಬರೇ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಮೇಲೆ ಕೇಳಬೇಕೆ? ಹಿಂದೆ ಕೆಲಸದಲ್ಲಿದ್ದ ಊರಲ್ಲಿ ಹೆಂಡತಿ ಇದ್ದಾಳೆ ಎಂದರು, ಮಾಟ ಕಲಿತಿದ್ದಾನೆ ಎಂದರು. ಬಚ್ಚಿಡುವುದು ಇಲ್ಲದಿದ್ದರೆ ಹಾಗ್ಯಾಕೆ ಓಡುತ್ತಾನೆ ಎಂಬುದು ಎಲ್ಲರ ಒಟ್ಟು ಅಭಿಪ್ರಾಯ.

ನೀಲಾ ಒಂದು ದಿನ ಊಟಕ್ಕೆ ಕೂತಾಗ, ಅವನನ್ನೇ ಮದುವೆಯಾಗುತ್ತೇನೆ, ನೀನು ಚಕ್ರ ಹಿಡಿಯಬೇಕು ಎಂದಳು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ನಮ್ಮಲ್ಲಿ ಮದುವೆ ಗೊತ್ತಾಗುವ ಮೊದಲು ಚಕ್ರ ಹಿಡಿಯುವ ಶಾಸ್ತ್ರ ಇದೆ. ಗಡಿಯಾರ ಕಂಬದಿಂದ ಕೆರೆ ಏರಿ ಮೇಲೆ ಹಾದು, ಏಣಿದಿಬ್ಬ ಹತ್ತಿ, ಸುಂಕದ ಕಟ್ಟೆಯವರೆಗೆ ಹುಡುಗ ಮುಂದೆ ತುಳಿಯುತ್ತಾನೆ. ಹುಡುಗಿಯನ್ನು ಸಾಕಿದವರು ಅವನ ಹಿಂದೆ ಇದ್ದು ಮನಸ್ಸು ಕೇಳಿಸಿಕೊಳ್ಳಬೇಕು. ಅವರ ಹಿಂದೆ ಹುಡುಗನ ಕಡೆಯವರೊಬ್ಬರು ಇರುತ್ತಾರೆ, ಕೇಳಿದವರು ಕೇಳಿದ್ದನ್ನು ತಿರುಚಿ ಹೇಳದಿರಲಿ ಎಂದು. ಕಟ್ಟೆಯಲ್ಲಿ ಇಳಿದ ಮೇಲೆ ಹುಡುಗಿ ಕಡೆಯವರು ಗಾಳಿ ತಂಪಾಗಿತ್ತು ಎಂದರೆ ಮದುವೆ, ಬಿಸಿಯಾಗಿತ್ತು ಎಂದರೆ ಇಲ್ಲ. ಅದಕ್ಕಿಂತ ಒಂದಕ್ಷರ ಹೆಚ್ಚಿಗೆ ಹೇಳುವಂತಿಲ್ಲ. ದಾರಿಯಲ್ಲೇ ಚಕ್ರ ಬಿಟ್ಟುಹೋಗಿ ಮತ್ತೆ ಸಿಗದಿದ್ದರೆ ಸಂಬಂಧವೂ ಬಿಟ್ಟುಹೋದಂತೆ. ಕೇಳದೆ ಹೆಣ್ಣು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಕೊಟ್ರೇಶನಿಗೆ ಮೊದಲು ಬಂದಿದ್ದ ಎರಡು ಸಂಬಂಧ ಹೀಗೆಯೇ ಕೆರೆ ಏರಿ ದಾಟುವುದರೊಳಗೆ ಕಳಚಿ ಬಿದ್ದಿದ್ದವು. ಆ ಹುಡುಗಿಯರ ಸೋದರಮಾವಂದಿರು ಇವತ್ತಿಗೂ ಗಾಳಿ ಜೋರಿತ್ತು ಎಂದೇ ಹೇಳುತ್ತಾರೆ.

ಇನ್ನೊಂದು ಮಾತು ಇದೆ. ಕೊಟ್ರೇಶನಿಗೆ ಗುಡ್ಡದಾಚೆಯ ಸಬ್‌ಸ್ಟೇಷನ್ನಿಗೆ ವರ್ಗವಾಗಿತ್ತು. ದೀಪಾವಳಿ ಕಳೆದು ಹೋಗಿ ಸೇರಿಕೊಳ್ಳಬೇಕು. ಮದುವೆಯಾದರೆ ನೀಲಾಳೂ ಹೋಗುತ್ತಾಳೆ. ಆ ಊರಿನ ಗಾಳಿಗೆ ಬಾಯಿಲ್ಲವಂತೆ. ಅಲ್ಲಿಂದ ಇಲ್ಲಿಗೆ ಬಸ್ಸು ದಿನಕ್ಕೊಂದು, ಅದೂ ಡ್ರೈವರ್ ಮನಸ್ಸಿಟ್ಟರೆ.

ನಾನು ಆಯಿತು ಎಂದೆ. ಎಂದ ಮೇಲೆ ಅಭ್ಯಾಸ ಮಾಡಬೇಕಲ್ಲ? ಮುಂಜಾನೆ ಸೈಕಲ್ ಬಳಗಕ್ಕೆ ಸೇರಿದೆ. ಅದರಲ್ಲಿ ಎರಡು ಗುಂಪು. ಹರಟೆ ಗುಂಪಿನವರು ಎರಡು ಮೈಲಿ ತುಳಿದು ನಾಲ್ಕು ಇಡ್ಲಿ ತಿನ್ನುತ್ತಾರೆ. ಜೋರು ಗುಂಪಿನವರು ಸುಂಕದ ಕಟ್ಟೆಯವರೆಗೆ ಹೋಗಿ ಬರುತ್ತಾರೆ, ಯಾರಿಗೂ ಕಾಯುವುದಿಲ್ಲ. ಕೊಟ್ರೇಶ ಎರಡರಲ್ಲೂ ಇಲ್ಲ, ಅವನದು ಒಂಟಿ ಓಟ. ಜೋರು ಗುಂಪಿನ ಯಜಮಾನಿಕೆ ನಿವೃತ್ತ ಡ್ರಿಲ್ ಮೇಷ್ಟ್ರು ರುದ್ರಯ್ಯನವರದು. ಅವರಿಗೆ ಮಗ್ಗಿ ಬೇಕಿಲ್ಲ. ಅವರ ಚಕ್ರ ಹಿಡಿದರೆ ಕೇಳುವುದೆಲ್ಲ ತಿಂಡಿಯ ವಿಚಾರ. ಹೀರೇಕಾಯಿ ಬಜ್ಜಿ, ಒಗ್ಗರಣೆ ಅವಲಕ್ಕಿ, ಆಮೇಲೆ ಮತ್ತೆ ಹೀರೇಕಾಯಿ ಬಜ್ಜಿ. ಬಚ್ಚಿಡುವುದು ಏನೂ ಇಲ್ಲದವರು ಬೇಕೆಂದೇ ಬಳಗದವರು ಹುಡುಕಿ ಹುಡುಕಿ ಅವರನ್ನು ಯಜಮಾನರನ್ನಾಗಿ ಮಾಡಿದ್ದು.

ಈ ಬಳಗದವರು ಹೊರಡುವುದನ್ನು ನೋಡಬೇಕು. ಎಲ್ಲರಿಗೂ ಕೊನೆಯ ಜಾಗವೇ ಬೇಕು, ಕೊನೆಯವರ ಮನಸ್ಸನ್ನು ಕೇಳಲು ಹಿಂದೆ ಯಾರೂ ಇರುವುದಿಲ್ಲವಲ್ಲ. ನೀವು ಮೊದಲು, ಛೇ ಛೇ, ಹಿರಿಯರು ನೀವು ಮೊದಲು ಎಂದು ಉಪಚಾರ ಮಾಡಿಕೊಳ್ಳುತ್ತ ಸೂರ್ಯ ನೆತ್ತಿಗೆ ಬರುವ ತನಕ ನಿಂತಾರು. ಮೇಷ್ಟ್ರು ಸೀಟಿ ಊದಿ ಅಟ್ಟಬೇಕು. ಮೊದಲ ಭಾನುವಾರ ನಾನು ಬಂದವಳೇ ಉಪಾಯವಾಗಿ ಕೊನೆಗೆ ಸೇರಿಕೊಂಡೆ. ಮುಂದಿನವರ ಮರೆಯಲ್ಲಿ ಗಾಳಿ ತಾಗುವುದಿಲ್ಲ, ಅರ್ಧ ಬಲಕ್ಕೇ ಸೈಕಲ್ ಓಡುತ್ತದೆ, ಮೇಲೆ ಮುಂದಿದ್ದ ಪೋಸ್ಟ್‌ಮಾಸ್ಟರ ಮನಸ್ಸಿನ ಸಮಾಚಾರ ಪುಕ್ಕಟೆ. ಏರಿ ಮೇಲಿನ ಮೂರನೆಯ ಹುಣಸೆಮರದ ತನಕ ಬಹಳ ಸುಖವಾಗಿತ್ತು. ಅಲ್ಲಿ ಗುಂಪು ಜೋರಾಯಿತು, ನಾನು ಕಳಚಿಕೊಂಡೆ.

ಮೇಷ್ಟ್ರು ಮರಳಿ ಬರುವಾಗ ನನ್ನನ್ನು ಮರದ ಕೆಳಗೆ ಕಂಡು ಸೈಕಲ್ ನಿಲ್ಲಿಸಿದರು. "ಸಾವಂತ್ರಮ್ಮ, ಹಿಂದೆ ಕೂತರೆ ಕಿವಿ ಬೆಳೀತಾವೆ, ಕಾಲು ಬೆಳೆಯಲ್ಲ" ಎಂದರು. ಆಮೇಲೆ ಅವರು ಹೇಳಿದ್ದು ಸರಳ ಲೆಕ್ಕ. ಇವತ್ತು ಮೂರನೆಯ ಮರದಲ್ಲಿ ಬಿಟ್ಟೆಯಾ, ಮುಂದಿನ ವಾರ ನಾಲ್ಕನೆಯದರಲ್ಲಿ ಬಿಡು. ಬಿಡುವುದು ಅವಮಾನವಲ್ಲ, ಅದೇ ಮರದಲ್ಲಿ ಬಿಡುವುದು ಅವಮಾನ. ಪ್ರತಿ ಸಲ ಒಂದಷ್ಟು ದೂರವಾದರೂ ಎಲ್ಲರಿಗಿಂತ ಮುಂದೆ ಹೋಗಿ ಗಾಳಿಗೆ ಎದೆ ಕೊಡಬೇಕು, ಉಸಿರು ಸಿಗದಷ್ಟು ತುಳಿಯಬೇಕು. ಭಾನುವಾರ ಹೀಗೆ ಸಾಯುವ ಹಾಗೆ ತುಳಿದು, ಉಳಿದ ದಿನ ಆಮೆಯ ಹಾಗೆ ತುಳಿಯಬೇಕು. ಎರಡನ್ನೂ ಬೆರಸಿ ದಿನವೂ ಅರೆಬರೆ ತುಳಿದರೆ ಏನೂ ಆಗುವುದಿಲ್ಲ. ನಮ್ಮೂರಿನವರ ಮೈ ಇಷ್ಟೊಂದು ತುಳಿದರೂ ಯಾಕೆ ಅರ್ಧಂಬರ್ಧ ಎಂಬುದು ನನಗೆ ಅವತ್ತು ಅರ್ಥವಾಯಿತು. ಮೈಯಲ್ಲಿ ಉಸಿರಿರುವ ತನಕ ಮಾತ್ರ ಮಗ್ಗಿ ಓಡುತ್ತದೆ. ಎದೆ ಡವಗುಟ್ಟತೊಡಗಿದ ಕೂಡಲೇ ಹದಿನೇಳಾರಲ ಎಷ್ಟು ಎಂಬುದು ಮರೆತುಹೋಗಿ, ತಳದಲ್ಲಿ ಇದ್ದದ್ದು ಮೇಲೆ ಬರುತ್ತದೆ. ಅದಕ್ಕೇ ಎಲ್ಲರೂ ಮಗ್ಗಿ ತಪ್ಪದಷ್ಟೇ ವೇಗದಲ್ಲಿ ತುಳಿಯುತ್ತಾರೆ. ಮಾನ ಉಳಿಯಿತು, ಹೊಟ್ಟೆಯೂ ಉಳಿಯಿತು.

ಎರಡನೆಯ ಭಾನುವಾರ ಮುಂದೆ ಹೋದೆ. ಮಗ್ಗಿಯ ಬದಲು ನನಗೆ ಸುಲಭವಾಗಿ ಬರುವುದನ್ನು ಹೇಳಿಕೊಳ್ಳೋಣ ಎಂದು ಗಿರಾಕಿಗಳ ಅಳತೆ ಶುರುಮಾಡಿದೆ. ಎದೆಸುತ್ತು ಇಷ್ಟು, ತೋಳು ಇಷ್ಟು, ಬೆನ್ನು ಆಳ ಇಷ್ಟು. ಕೆಟ್ಟ ಉಪಾಯವೇನಲ್ಲ, ಆದರೆ ಹಿಂದೆ ಇದ್ದದ್ದು ಪೋಸ್ಟ್‌ಮಾಸ್ಟರು. ಅವರ ಹೆಂಡತಿಯ ಸೊಂಟ ಯುಗಾದಿಯಿಂದ ಈಚೆಗೆ ಎರಡಿಂಚು ಹೆಚ್ಚಾಗಿದೆ, ನಾನು ಹೇಳದೆ ಮರೆಮಾಚಿ ಸಡಿಲ ಬಿಟ್ಟು ಹೊಲಿಯುತ್ತಿದ್ದೇನೆ ಎಂಬುದು ಅವರಿಗೆ ಸವಿಸ್ತಾರವಾಗಿ ತಲುಪಿತು. ಅವರು ಮನೆಗೆ ಹೋಗಿ ಏನೂ ಆಡಲಿಲ್ಲವಂತೆ, ಹೆಂಡತಿ ಎರಡನೆಯ ಸಲ ಅನ್ನ ಬಡಿಸಿಕೊಂಡಾಗ ಸುಮ್ಮನೆ ನೋಡಿದರಂತೆ. ಮರುದಿನ ಆ ಹೆಂಗಸು ನನ್ನ ಅಂಗಡಿಗೆ ಬಂದು ಕೊಟ್ಟಿದ್ದ ಮೂರು ಬ್ಲೌಸ್ ಬಟ್ಟೆಯನ್ನೂ ವಾಪಸು ತೆಗೆದುಕೊಂಡು ಹೋದಳು. ಮಾಡಿದ್ದುಣ್ಣೋ ಮಾರಾಯ ಎಂದು ನಾನು ಮತ್ತೆ ಹದಿನೇಳಕ್ಕೇ ಬಂದೆ.

ವಾರಗಳು ಹೋದವು. ನಾಲ್ಕನೆಯ ಮರ ಹೋಗಿ ಐದನೆಯದಾಯಿತು, ಏರಿ ಮುಗಿಯಿತು. ಕಾಲು ಗಟ್ಟಿಯಾಯಿತು. ಅಂಗಡಿ ಮೆಟ್ಟಿಲನ್ನು ಕೈ ಊರದೆ ಹತ್ತುವುದನ್ನು ಕಂಡು ಎದುರುಮನೆಯವಳು ಏನು ಔಷಧಿ ಎಂದು ಕೇಳಿದಳು. ನೀಲಾ ನನ್ನ ಸೈಕಲ್ಲಿಗೆ ಹೊಸ ಚೈನು ಹಾಕಿದಳು, ಸೀಟನ್ನು ಎತ್ತರಿಸಿದಳು, ಹಬ್ಬಕ್ಕೆ ಎತ್ತಿನ ಮೈ ತೊಳೆಯುವ ಹಾಗೆ ಅದನ್ನು ತೊಳೆದಳು. ರಾತ್ರಿ ನನ್ನ ಕಾಲಿಗೆ ಎಳ್ಳೆಣ್ಣೆ ತಿಕ್ಕುತ್ತ ಕೂರುತ್ತಿದ್ದಳು. ಒಂದು ಸಲ ತಿಕ್ಕುತ್ತಲೇ, "ದೊಡ್ಡಮ್ಮ, ನಿನಗೆ ಆಗದಿದ್ರೆ ಬಿಟ್ಬಿಡು. ನಾನೇನೂ ಅಂದ್ಕಳಲ್ಲ" ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನಗೆ ಆಗುತ್ತಿತ್ತು, ಅದೇ ತೊಂದರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಅನುಕೂಲವಾದರೂ ಅವಳಿಗೆ ಇತ್ತು, ನನಗೆ ಕುಣಿಯಲು ಬರತೊಡಗಿತ್ತು.

ಯಾಕೆ ತೊಂದರೆ ಎಂಬುದು ಏಣಿದಿಬ್ಬದಲ್ಲಿ ಬಯಲಾಯಿತು. ಆ ಭಾನುವಾರ ಮೊದಲ ಸಲ ದಿಬ್ಬದ ತನಕ ಗುಂಪಿನ ಜೊತೆಗಿದ್ದೆ, ಮೇಷ್ಟ್ರು ಮುಂದೆ ಹೋಗು ಎಂದು ಕೈ ಮಾಡಿದರು. ಮುಂದೆ ಹೋಗಿ ತುಳಿದೆ. ಅರ್ಧ ದಿಬ್ಬಕ್ಕೆ ಮಗ್ಗಿ ತಪ್ಪಿತು, ಬಾಯಲ್ಲಿ ಕಬ್ಬಿಣದ ರುಚಿ ಬಂತು, ತಳದಲ್ಲಿದ್ದದ್ದು ಮೇಲೆ ಬಂತು. ಈ ಹುಡುಗಿ ಹೋಗದೇ ಇರಲಿ. ಅವನು ಕೆಟ್ಟವನೇ ಆಗಿರಲಿ. ಇಲ್ಲದಿದ್ದರೆ ನಾನು ಚಕ್ರ ಬಿಟ್ಟುಬಿಟ್ಟರೂ ಆಯಿತು, ಯಾರಿಗೂ ಗೊತ್ತಾಗುವುದಿಲ್ಲ. ಹೀಗೆ ನನ್ನ ಮನಸ್ಸೇ ನನಗೆ ಹೇಳಿತು, ನನ್ನ ಹಿಂದಿದ್ದ ಮೇಷ್ಟ್ರಿಗೂ ಹೇಳಿತು. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು. ಇಪ್ಪತ್ತಾರು ವರ್ಷ ಜಗಳವಾಡಿದ ಮನೆಯಲ್ಲಿ ಇನ್ನು ಮುಂದೆ ಯಾರ ಜೊತೆ ಆಡಲಿ?

ಟೀ ಅಂಗಡಿಯಲ್ಲಿ ಮೇಷ್ಟ್ರು ತಮ್ಮ ತಟ್ಟೆಯ ಉದ್ದಿನವಡೆಯನ್ನು ನನ್ನ ತಟ್ಟೆಗೆ ಹಾಕಿದರು. ತಿಂಡಿಯ ವಿಚಾರ ಬಿಟ್ಟು ಬೇರೆ ಯೋಚಿಸದ ಮನುಷ್ಯ ತನ್ನ ವಡೆಯನ್ನು ಕೊಟ್ಟಿದ್ದಾನೆಂದರೆ ನನ್ನ ಸ್ಥಿತಿ ಎಷ್ಟು ಹದಗೆಟ್ಟಿರಬೇಕು ನೋಡಿ. ಕೋಪ ಬಂತು, ಆದರೂ ವಡೆ ತಿಂದೆ. ಹೊರಡುವಾಗ ಅವರು, ಕಾಲು ತಯಾರಾಗಿದೆ, ಇನ್ನೊಂದಕ್ಕೆ ನನ್ನ ಹತ್ತಿರ ವ್ಯಾಯಾಮ ಇಲ್ಲ ಎಂದಷ್ಟೇ ಹೇಳಿದರು.

ಶಾಸ್ತ್ರದ ದಿನ ಬೆಳಿಗ್ಗೆ ಗಡಿಯಾರ ಕಂಬದ ಹತ್ತಿರ ಅರ್ಧ ಊರು ಸೇರಿತ್ತು. ಉಳಿದರ್ಧ ಸುಂಕದ ಕಟ್ಟೆಯಲ್ಲಿ ಮೊದಲೇ ಹೋಗಿ ಕೂತಿತ್ತು. ನೀಲಾಳೂ ಅಲ್ಲಿಯೇ ಫ್ಲಾಸ್ಕಿನಲ್ಲಿ ಟೀ ಇಟ್ಟುಕೊಂಡು ಕಾಯುತ್ತಿದ್ದಳು. ಕೊಟ್ರೇಶ ನನಗೆ ಕೈಮುಗಿದು ನೆಲ ನೋಡಿದ. ಅವನ ಕಡೆಯಿಂದ ನನ್ನ ಹಿಂದೆ ತುಳಿಯಲು ಬಂದವಳು ಅವನ ಅತ್ತೆ, ತಂದೆಯ ಅಕ್ಕ, ಹಾಲಮ್ಮ. ಅಪ್ಪ ಅಮ್ಮ ಇಲ್ಲದ ಹುಡುಗನನ್ನು ಸಾಕಿದವಳು ಅವಳೇ. ಕೋಟೆ ಬಾಗಿಲಲ್ಲಿ ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಇಟ್ಟಿದ್ದಾಳೆ. ಮಂಡಕ್ಕಿ ಚೀಲವನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಸಂತೆ ಸಂತೆ ತಿರುಗಿದ ಕಾಲು ಅವಳದು. ಕಚ್ಚೆ ಬಿಗಿದು ನಿಂತವಳನ್ನು ನೋಡಿದರೆ, ಮದುವೆ ಮಾತಿಗೆ ಬಂದವಳ ಹಾಗಲ್ಲ, ಕುಸ್ತಿಗೆ ಬಂದವಳ ಹಾಗಿದ್ದಳು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಬೀಗಿತ್ತೀರೇ, ಮಂಡಕ್ಕಿ ತಿಂದು ಬಂದಿದೀರೋ ಅನ್ನ ಉಂಡು ಬಂದಿದೀರೋ ಎಂದು ಕೇಳಿದಳು. ಎರಡೂ ಆಗಿದೆ ಎಂದೆ.

ಮೇಷ್ಟ್ರು ಸೀಟಿ ಊದಿದರು. ಹಾರಿದ ನೋಡಿ ಹುಡುಗ. ಹಲ್ಲು ಕಚ್ಚಿ ಅವನ ಹಿಂದಿನ ಚಕ್ರಕ್ಕೆ ಕಣ್ಣು ನೆಟ್ಟೆ. ಎರಡು ತೋಳು ದೂರ, ಒಂದೂವರೆ, ಒಂದು. ಕೆರೆ ಏರಿ ಹತ್ತುವಾಗ ಗಾಳಿಯಲ್ಲಿ ಅವನ ಮನಸ್ಸು ನನ್ನ ಕಿವಿಗೆ ಬಿತ್ತು. ಊರು ಇಷ್ಟು ವರ್ಷ ಕಾದದ್ದು ಕೊನೆಗೂ ನನಗೆ ಕೇಳಿಸಿತು. ಅದು ಮಗ್ಗಿಯಲ್ಲ, ಮಾಟದ ಮಂತ್ರವೂ ಅಲ್ಲ.

"ಕ್ರೀಡಾಭಿಮಾನಿಗಳೇ, ಕೆರೆ ಏರಿಯ ಮೇಲೆ ಇದೋ ಕೊಟ್ರೇಶ! ಎಂಥ ವೇಗ, ಎಂಥ ಠೀವಿ! ಹುಣಸೆಮರಗಳು ಹಿಂದಕ್ಕೆ ಓಡುತ್ತಿವೆ. ಜನಸಾಗರ ಎದ್ದು ನಿಂತಿದೆ..."

ನನಗೆ ಒಂದು ಗಳಿಗೆ ತಲೆಯೇ ಓಡಲಿಲ್ಲ. ಏರಿ ಮೇಲೆ ಜನಸಾಗರ ಎಲ್ಲಿಯದು, ಒಂದು ಎಮ್ಮೆ ನಿಂತಿತ್ತು. ಹುಡುಗ ತನ್ನ ಓಟಕ್ಕೆ ತಾನೇ ರೇಡಿಯೋದವರ ಹಾಗೆ ವೀಕ್ಷಕ ವಿವರಣೆ ಕೊಟ್ಟುಕೊಳ್ಳುತ್ತಿದ್ದ. ಬಾಯಿ ತೆರೆದರೆ ನಾಲ್ಕು ಮಾತು ಆಡದವನ ಒಳಗೆ ಇಡೀ ಆಕಾಶವಾಣಿ ಕೇಂದ್ರವೇ ನಡೆಯುತ್ತಿತ್ತು. ಈ ಸಂಗತಿಯನ್ನು ಯಾರೂ ಕೇಳಬಾರದೆಂದೇ ಅವನು ಊರಿನಲ್ಲೆಲ್ಲ ವೇಗದ ಸವಾರನಾದದ್ದು. ನನಗೆ ನಗು ಬಂತು. ನಕ್ಕರೆ ಉಸಿರು ಹೋಗುತ್ತದೆ, ಚಕ್ರ ಹೋಗುತ್ತದೆ. ನಗು ನುಂಗಿ ತುಳಿದೆ. ಹಿಂದೆ ಹಾಲಮ್ಮ ಒಂದು ತರಹ ಕೆಮ್ಮಿದಳು. ನನ್ನ ಮನಸ್ಸಿನ ಮೂಲಕ ಅವಳಿಗೂ ಎಲ್ಲ ತಲುಪುತ್ತಿತ್ತು. ಸಾಕಿದ ಹುಡುಗನ ಒಳಗಿನ ಬಾನುಲಿಯನ್ನು ಅವಳೂ ಅವತ್ತೇ ಮೊದಲು ಕೇಳಿದ್ದು.

"ಹಿಂದೆ ಹುಡುಗಿಯ ದೊಡ್ಡಮ್ಮ ಇನ್ನೂ ಇದ್ದಾರೆ, ಕ್ರೀಡಾಭಿಮಾನಿಗಳೇ, ಇದು ಅನಿರೀಕ್ಷಿತ. ಅರವತ್ತೈದು ವರ್ಷದ ಈ ಹಿರಿಯ ಮಹಿಳೆ..." ಎಂದು ವಿವರಣೆ ಮುಂದುವರಿಯಿತು. ನನಗಿನ್ನೂ ಐವತ್ತನಾಲ್ಕು. ಆ ಕೋಪಕ್ಕೆ ಏರಿಯ ಕೊನೆಯ ಅರ್ಧವನ್ನು ಸಲೀಸಾಗಿ ದಾಟಿದೆ. ಮನುಷ್ಯನಿಗೆ ಬಲ ಎಲ್ಲೆಲ್ಲಿಂದ ಬರುತ್ತದೋ ಹೇಳುವುದಕ್ಕಾಗುವುದಿಲ್ಲ.

ಏಣಿದಿಬ್ಬ ಬಂತು. ಅವನು ಸೀಟಿನಿಂದ ಎದ್ದು ನಿಂತು ತುಳಿದ, ನಾನೂ ಎದ್ದೆ. ಅರ್ಧ ದಿಬ್ಬಕ್ಕೆ ಅವನಿಗೂ ಉಸಿರು ಸಾಲದಾಯಿತು, ರೇಡಿಯೋ ಗರಗರ ಎಂದು ನಿಂತಿತು. ಅದರ ತಳದಲ್ಲಿದ್ದದ್ದು ಮೇಲೆ ಬಂತು. ಇವರಿಗೆ ಕೇಳಿಸ್ತಿದೆ. ನೀಲಾಗೆ ಗೊತ್ತಾಗುತ್ತೆ. ಗೊತ್ತಾದರೆ ನಗ್ತಾಳೆ, ನಕ್ಕು ಬಿಟ್ಟು ಹೋಗ್ತಾಳೆ. ಅಷ್ಟೇ ಇತ್ತು ಅವನಲ್ಲಿ. ಬೇರೆ ಹೆಂಡತಿ ಇರಲಿಲ್ಲ, ಕೆಟ್ಟದ್ದು ಇರಲಿಲ್ಲ, ಹುಡುಕಿದರೂ ಸಿಗುವ ಹಾಗಿರಲಿಲ್ಲ. ನೀಲಾ ನಗುವುದೇನೋ ನಿಜ, ಮೂರು ದಿನ ಬಿಡದೆ ನಗುತ್ತಾಳೆ. ಆದರೆ ಬಿಟ್ಟು ಹೋಗುವವಳಲ್ಲ. ಬದಲಿಗೆ ಮಧ್ಯೆ ಮಧ್ಯೆ ಜಾಹೀರಾತು ಹೇಳಲು ತಾನೂ ಸೇರಿಕೊಳ್ಳುತ್ತಾಳೆ. ಇವರಿಬ್ಬರ ಮನೆ ಹೇಗಿರುತ್ತದೆ ಎಂಬುದು ಅಲ್ಲಿ ದಿಬ್ಬದ ಮೇಲೆ ನನ್ನ ಕಣ್ಣಿಗೆ ಕಟ್ಟಿತು. ಚೆನ್ನಾಗಿಯೇ ಇರುತ್ತದೆ. ಆ ಮನೆಯಲ್ಲಿ ನಾನು ಇರುವುದಿಲ್ಲ.

ಆಗಲೇ ನನ್ನ ಕಾಲು ಸಡಿಲವಾದದ್ದು. ಬಲ ಇರಲಿಲ್ಲ ಎಂದು ಹೇಳಲಾರೆ, ಇತ್ತು. ಚಕ್ರ ಒಂದು ತೋಳು ದಾಟಿತು, ಅವನ ಮನಸ್ಸು ಕಿವಿಯಿಂದ ಹೋಯಿತು, ಬರೀ ಗಾಳಿ ಉಳಿಯಿತು. ಬಿಡು ಸಾವಂತ್ರಿ, ಬಿಟ್ಟರೆ ಎಲ್ಲ ಇದ್ದ ಹಾಗೇ ಇರುತ್ತದೆ ಎಂದುಕೊಂಡೆ. ದೂರ ಇನ್ನೂ ಹೆಚ್ಚಾಯಿತು.

ಬೆನ್ನ ಮೇಲೆ ಒಂದು ಕೈ ಬಿತ್ತು. ಮೆಣಸಿನಕಾಯಿ ಕೊಯ್ದು ಕೊಯ್ದು ಗಟ್ಟಿಯಾದ ಅಗಲವಾದ ಕೈ. ಹಾಲಮ್ಮ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದರಲ್ಲಿ ನನ್ನನ್ನು ದಿಬ್ಬಕ್ಕೆ ದೂಡುತ್ತಿದ್ದಳು. ಶಾಸ್ತ್ರದಲ್ಲಿ ಹೀಗೆ ದೂಡುವಂತಿಲ್ಲ. ಹುಡುಗನ ಕಡೆಯವರು ಹುಡುಗಿ ಕಡೆಯವರನ್ನು ದೂಡಿದ್ದು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಅವಳು ನನ್ನ ಕಿವಿಯ ಹತ್ತಿರ, ಉಬ್ಬಸದ ನಡುವೆ ಮೆಲ್ಲಗೆ ಹೇಳಿದಳು.

"ಬೀಗಿತ್ತೀರೇ, ನಿಮ್ಮ ಸಂಕಟ ಎಲ್ಲ ಕೇಳಿಸ್ತು. ನಿಮ್ಮದು ಒಂದು ಹುಡುಗಿ ಹೋಗುತ್ತೆ, ನನ್ನದು ಒಂದು ಹುಡುಗ ಹೋಗುತ್ತೆ. ನಾನೇನು ಅವನ ಸೈಕಲ್ಲಿನ ಗಾಳಿ ತೆಗೆದು ಬಂದೀನಾ? ತುಳೀರಿ."

ನಾನು ತುಳಿದೆ. ಆ ಮಾತಿಗೆ ತುಳಿದೆನೋ ಆ ಕೈಗೆ ತುಳಿದೆನೋ ಗೊತ್ತಿಲ್ಲ, ಕಣ್ಣಲ್ಲಿ ನೀರು ಬರುತ್ತಿತ್ತು, ಅದು ಬೆವರು ಎಂದುಕೊಳ್ಳಲು ಆಗದಷ್ಟು ಬರುತ್ತಿತ್ತು. ದಿಬ್ಬದ ನೆತ್ತಿಯಲ್ಲಿ ಅವಳು ಕೈ ತೆಗೆದಳು. ಇಳಿಜಾರಿನಲ್ಲಿ ಕೊಟ್ರೇಶನ ಚಕ್ರ ಮತ್ತೆ ಒಂದು ತೋಳಿನೊಳಗೆ ಬಂತು. "ಅಬ್ಬಬ್ಬಾ, ಕ್ರೀಡಾಭಿಮಾನಿಗಳೇ, ದೊಡ್ಡಮ್ಮ ಮತ್ತೆ ಬಂದಿದ್ದಾರೆ" ಎಂದು ಅವನ ಮನಸ್ಸು ಕೂಗಿತು. ಹೆದರಿದ್ದ ಹುಡುಗ, ಆದರೂ ಆ ಧ್ವನಿಯಲ್ಲಿ ಸಂತೋಷವೇ ಹೆಚ್ಚಿತ್ತು. ಯಾರಾದರೂ ಹಿಂದೆ ಬಂದದ್ದು ಅವನಿಗೂ ಅದೇ ಮೊದಲಲ್ಲವೇ?

ಸುಂಕದ ಕಟ್ಟೆಯಲ್ಲಿ ಇಳಿದಾಗ ಸೇರಿದ್ದ ಜನವೆಲ್ಲ ನನ್ನ ಬಾಯಿ ನೋಡುತ್ತಿತ್ತು. ನನಗೆ ಮಾತಾಡಲು ಉಸಿರಿರಲಿಲ್ಲ. ಇದ್ದಿದ್ದರೂ ಕೂಡಲೇ ಹೇಳುತ್ತಿರಲಿಲ್ಲ ಅನ್ನಿ. ಅರವತ್ತೈದು ಎಂದವನಿಗೆ ಅಷ್ಟಾದರೂ ಶಿಕ್ಷೆ ಬೇಡವೇ? ಕಟ್ಟೆಯ ಮೇಲೆ ಕೂತು ಟೀ ತರಿಸಿಕೊಂಡೆ. ಬಿಸಿಯಿತ್ತು, ಆರಿಸಿ ಆರಿಸಿ ಕುಡಿದೆ. ಕೊಟ್ರೇಶ ಸೈಕಲ್ಲಿಗೆ ಆತುಕೊಂಡು ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡಿದ್ದ. ನೀಲಾ ನನ್ನ ಕಣ್ಣನ್ನೇ ನೋಡುತ್ತಿದ್ದಳು, ಫ್ಲಾಸ್ಕಿನ ಮುಚ್ಚಳ ಅವಳ ಕೈಯಲ್ಲಿ ಸುಮ್ಮನೆ ತಿರುಗುತ್ತಿತ್ತು. ಹಾಲಮ್ಮ ಮಾತ್ರ ಆ ಕಡೆಗೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

ಲೋಟ ಕೆಳಗಿಟ್ಟು, "ಗಾಳಿ ತಂಪಾಗಿತ್ತು" ಎಂದೆ.

ಆಮೇಲಿನ ಗದ್ದಲವನ್ನು ಬರೆಯುವುದಿಲ್ಲ. ಪೋಸ್ಟ್‌ಮಾಸ್ಟರ ಹೆಂಡತಿ ಎಲ್ಲಿದ್ದಳೋ, ಬಂದು ನನ್ನ ಕೈಗೆ ಸಕ್ಕರೆ ಹಾಕಿ, ಮದುವೆಗೆ ತನ್ನ ಬ್ಲೌಸನ್ನು ನಾನೇ ಹೊಲಿಯಬೇಕು, ಬಿಗಿಯಾಗಿಯೇ ಹೊಲಿಯಬೇಕು ಎಂದಳು. ಒಳಗೆ ಏನು ಕೇಳಿಸಿತು ಎಂದು ನೀಲಾ ಹತ್ತು ಸಲ ಕೇಳಿದಳು. ಹೇಳುವಂತಿಲ್ಲವಲ್ಲ, ಹೊಸ ಮನೆಗೆ ರೇಡಿಯೋ ಕೊಳ್ಳಬೇಡಿ ಎಂದಷ್ಟೇ ಹೇಳಿದೆ. ಕೊಟ್ರೇಶ ಕೆಂಪಾದ.

ಬಿಸಿಲೇರುವ ಮೊದಲು ಊರಿಗೆ ಹೊರಟೆವು. ಕೊಟ್ರೇಶ ಮತ್ತು ಹಾಲಮ್ಮ ಕೋಟೆ ಕಡೆಯ ದಾರಿ ಹಿಡಿದರು, ನಾನು ನೀಲಾ ಏರಿ ಮೇಲೆ ಅಕ್ಕಪಕ್ಕ ತುಳಿಯುತ್ತ ಬಂದೆವು. ಅವಳು ಸೈಕಲ್ ಕಲಿತ ದಿನದಿಂದಲೂ ನಾವು ಒಬ್ಬರ ಹಿಂದೊಬ್ಬರು ತುಳಿದವರಲ್ಲ. ಒಂದು ಮನೆಯಲ್ಲಿ ಬಾಳುವವರು ಅಷ್ಟು ಮರ್ಯಾದೆ ಇಟ್ಟುಕೊಳ್ಳಬೇಕು. ಏರಿಯ ನಡುವೆ ಎದುರಿನಿಂದ ಹುಲ್ಲಿನ ಟ್ರ್ಯಾಕ್ಟರ್ ಬಂತು, ಇಬ್ಬರಿಗೆ ಜಾಗ ಸಾಲಲಿಲ್ಲ. ನೀಲಾ ಮುಂದಾದಳು, ನಾನು ಹಿಂದೆ ಸರಿದೆ. ಎರಡು ತಿಂಗಳ ಅಭ್ಯಾಸ ನೋಡಿ, ಕಾಲು ನನ್ನನ್ನು ಕೇಳದೆ ಅವಳ ಚಕ್ರಕ್ಕೆ ತೋಳಿನಷ್ಟು ಹತ್ತಿರ ಒಯ್ದು ಕೂರಿಸಿತು.

ನಾನು ಹೋದ ಮೇಲೆ ದೊಡ್ಡಮ್ಮ ಸಂಜೆ ಹೊತ್ತು, ಎಂಬಷ್ಟು ಅವಳ ಮನಸ್ಸಿನಿಂದ ಕೇಳಿಸಿತು.

ತುಳಿಯುವುದನ್ನು ನಿಲ್ಲಿಸಿದೆ. ಕಾಲಲ್ಲಿ ಬೇಕಾದಷ್ಟು ಬಲ ಇತ್ತು, ಅವಳ ಚಕ್ರವನ್ನು ಗಡಿಯಾರ ಕಂಬದವರೆಗೂ ಬಿಡದೆ ಹಿಡಿಯುತ್ತಿದ್ದೆ. ಉಳಿದದ್ದನ್ನು ಕೇಳಿದ್ದರೆ ನಾನು ಅವಳನ್ನು ಕಳಿಸಿಕೊಡುತ್ತಿರಲಿಲ್ಲ. ಚಕ್ರ ಒಂದು ತೋಳು ದಾಟಿತು, ಎರಡು ದಾಟಿತು, ಒಂದು ಹುಣಸೆಮರ ದಾಟಿತು. ಸದ್ದು ಕಡಿಮೆಯಾದದ್ದು ಗೊತ್ತಾಗಿ ಅವಳು ತಿರುಗಿ ನೋಡಿದಳು.

"ಏನ್ ದೊಡ್ಡಮ್ಮ, ಕೊಟ್ರೇಶನ ಚಕ್ರ ಹಿಡಿದೋಳಿಗೆ ನನ್ನದು ಹಿಡಿಯಕ್ಕಾಗಲ್ವಾ?"

"ಕಾಲು ಸೋತಾವೆ ಕಣವ್ವ. ನೀನು ನಡಿ" ಎಂದೆ.

ವಯಸ್ಸಾಯಿತು ಬಿಡು ನಿನಗೆ ಎಂದು ನಕ್ಕು, ಅವಳು ಮುಂದಕ್ಕೆ ತಿರುಗಿ ಜೋರಾಗಿ ತುಳಿದಳು.